ಪಿತ್ತಕೋಶದ ಆಪರೇಶನ್ನಿಗೆ ಹೊರಟಿರುವ ಸುಧಾಳಿಗೆ

ಧಾರವಾಡ

ಚಿ. ಸೌ. ಸುಧಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಶನ್, ಮಾಡಿಸಲು ತಾರೀಖು ಕೊಟ್ಟಿದ್ದಾರೆಂದು ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದ. ನಾಲ್ಕು ಸಣ್ಣ ತೂತು, ಮರುದಿನವೇ ಮನೆ ಎಂದು ಎಲ್ಲರೂ ನಿನಗೆ ಧೈರ್ಯ ಹೇಳುತ್ತಿದ್ದಾರಂತೆ. ಅದು ಬಹುಮಟ್ಟಿಗೆ ನಿಜವೇ. ಆದರೆ ಆಪರೇಶನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದ ಇಷ್ಟು ವರ್ಷಗಳಲ್ಲಿ, ಆ ಒಂದೇ ಮಾತನ್ನು ನಂಬಿಕೊಂಡು ಬಂದವರು ಮರುದಿನ ಭುಜ ನೋಯತೊಡಗಿದೊಡನೆ ಏನೋ ಕೆಟ್ಟದ್ದಾಯಿತೆಂದು ಕಂಗಾಲಾಗುವುದನ್ನೂ, ಇನ್ನು ಕೆಲವರು ನಿಜವಾಗಿ ಹೆದರಬೇಕಾದ ಲಕ್ಷಣ ಕಂಡಾಗಲೂ ಸಣ್ಣ ಆಪರೇಶನ್ ತಾನೇ ಎಂದು ಮನೆಯಲ್ಲೇ ದಿನ ದೂಡುವುದನ್ನೂ ನಾನು ಕಂಡಿದ್ದೇನೆ. ಚರ್ಮದ ಮೇಲಿನ ಗಾಯ ಚಿಕ್ಕದಾದರೂ ಹೊಟ್ಟೆಯೊಳಗೆ ನಡೆಯುವುದು ಪೂರ್ಣ ಪ್ರಮಾಣದ ಶಸ್ತ್ರಚಿಕಿತ್ಸೆಯೇ. ಯಾವುದು ಸಹಜ, ಯಾವುದು ಅಲ್ಲ ಎಂಬುದು ನಿನಗೆ ಮೊದಲೇ ತಿಳಿದಿರಲಿ ಎಂದು ಈ ಪತ್ರ.

ಬಾಳೆದಿಂಡಿನ ರಸ ಕುಡಿದು ಕಲ್ಲು ಕರಗಿಸಿಕೊಳ್ಳಬಹುದಲ್ಲ ಎಂದು ನಿನ್ನ ಅತ್ತೆಯವರು ಕೇಳಿದರಂತೆ. ಅವರ ಕಾಳಜಿ ದೊಡ್ಡದು, ಅವರಿಗೆ ನಯವಾಗಿಯೇ ವಿವರಿಸು. ಆ ಔಷಧಿಯನ್ನು ನಮ್ಮವರು ಹೇಳುತ್ತ ಬಂದದ್ದು ಮೂತ್ರಪಿಂಡದ ಕಲ್ಲಿಗೆ. ಅಲ್ಲಿಯ ಸಣ್ಣ ಕಲ್ಲು ಮೂತ್ರದ ಜೊತೆ ಹೊರಗೆ ಹೋಗಬಲ್ಲದು. ಪಿತ್ತಕೋಶದ ಕಲ್ಲಿಗೆ ಅಂಥ ಸುಲಭದ ದಾರಿಯಿಲ್ಲ. ಅದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆಯಾಗುತ್ತದೆ, ಮೇದೋಜೀರಕ ಗ್ರಂಥಿಗೆ ಉರಿಯೂತ ಬಂದರೆ ಜೀವಕ್ಕೇ ಅಪಾಯವಾಗಬಹುದು. ನಿನಗೆ ಊಟವಾದ ಮೇಲೆ ಪದೇ ಪದೇ ಬಲಪಕ್ಕೆಯಲ್ಲಿ ನೋವು ಬರುತ್ತಿರುವುದರಿಂದ ವೈದ್ಯರ ಸಲಹೆ ಸರಿಯಾಗಿಯೇ ಇದೆ. ಕಲ್ಲನ್ನಷ್ಟೇ ತೆಗೆದು ಪಿತ್ತಕೋಶವೆಂಬ ಚೀಲವನ್ನು ಬಿಟ್ಟರೆ ಕಲ್ಲು ಮತ್ತೆ ಹುಟ್ಟುತ್ತದೆ, ಆದ್ದರಿಂದ ಚೀಲವನ್ನೇ ತೆಗೆಯುತ್ತಾರೆ. ಪಿತ್ತರಸವನ್ನು ತಯಾರಿಸುವುದು ಯಕೃತ್ತು. ಚೀಲ ಹೋದ ಮೇಲೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ರಸ ನೇರವಾಗಿ ಕರುಳಿಗೆ ಹರಿಯುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಲ್ಯಾಪ್ರೋಸ್ಕೋಪಿ ಎಂದರೆ ಶಿಬಿರಗಳಲ್ಲಿ ಮಾಡುತ್ತಿದ್ದ ಮಕ್ಕಳಾಗದ ಆಪರೇಶನ್ ಎಂದೇ ತಿಳಿದವರು ಬಹಳ. ಅದು ಕೆಲವೇ ನಿಮಿಷಗಳ ಕೆಲಸವಾದ್ದರಿಂದ ಹೆಂಗಸರು ಅದೇ ದಿನ ಮನೆಗೆ ಹೋಗುತ್ತಿದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಅಳೆಯಬೇಡ. ಪಿತ್ತಕೋಶವನ್ನು ಈ ವಿಧಾನದಿಂದ ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ ಮುಂಬಯಿಯ ಡಾ. ಟೆಹೆಮ್ಟನ್ ಉದ್ವಾಡಿಯಾ 1990ರಲ್ಲಿ ಮಾಡಿದರು. ಅದಕ್ಕೆ ಮೊದಲು ಬಲಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದೇ ತೆಗೆಯುತ್ತಿದ್ದರು. ಉಸಿರೆಳೆದರೆ ಹೊಲಿಗೆ ನೋಯುತ್ತದೆಂದು ರೋಗಿಗಳು ಕೆಮ್ಮಲೂ ಅಂಜುತ್ತಿದ್ದ ಆ ದಿನಗಳನ್ನು ಕಂಡವಳಾದ್ದರಿಂದ, ಈ ವಿಧಾನ ಬಂದದ್ದು ಎಷ್ಟು ದೊಡ್ಡ ಉಪಕಾರವೆಂಬುದು ನನಗೆ ಗೊತ್ತು.

ಹೋಗುವ ಮೊದಲು ನೀನು ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯನ್ನೂ, ಆಯುರ್ವೇದದ ಚೂರ್ಣವಾದರೂ ಸರಿ, ಬರೆದುಕೊಂಡು ಹೋಗು. ಹೆರಿಗೆಗೆ ಸಿಸೇರಿಯನ್ ಆದದ್ದನ್ನು ತಪ್ಪದೆ ಹೇಳು, ಏಕೆಂದರೆ ಹಿಂದಿನ ಆಪರೇಶನ್ನಿನಿಂದ ಒಳಗೆ ಕರುಳು ಅಂಟಿಕೊಂಡಿರಬಹುದು. ಘನ ಆಹಾರ ಕನಿಷ್ಠ ಆರು ಗಂಟೆ ಮೊದಲೇ ನಿಲ್ಲಬೇಕು. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಅರಿವಳಿಕೆ ವೈದ್ಯರನ್ನೇ ಕೇಳು. ಹೊಕ್ಕುಳನ್ನು ಸ್ವಚ್ಛವಾಗಿಟ್ಟುಕೋ, ಆದರೆ ಮನೆಯಲ್ಲಿ ಬ್ಲೇಡು ತಾಗಿಸಬೇಡ; ಸಣ್ಣ ಗೀರುಗಳಿಂದಲೇ ಸೋಂಕು ಬರುತ್ತದೆ. ಒಳಗೆ ವಿದ್ಯುತ್ತಿನ ಉಪಕರಣ ಬಳಸುವುದರಿಂದ ತಾಳಿ, ಬಳೆ, ಕಾಲುಂಗುರಗಳನ್ನು ತೆಗೆಯಬೇಕಾಗುತ್ತದೆ. ಮನಸ್ಸಿಗೆ ಕಸಿವಿಸಿಯಾದರೆ ಹಿಂದಿನ ದಿನವೇ ಸಿಸ್ಟರಿಗೆ ಹೇಳು; ಥಿಯೇಟರಿನ ಬಾಗಿಲಲ್ಲಿ ನಿಂತು ಅಳುವುದು ಬೇಡ.

ಒಪ್ಪಿಗೆ ಪತ್ರವನ್ನು ಓದದೆ ಸಹಿ ಮಾಡಬೇಡ. ಅದರಲ್ಲಿ, ಅಗತ್ಯ ಬಿದ್ದರೆ ಹೊಟ್ಟೆಯನ್ನು ತೆರೆದು ಶಸ್ತ್ರಚಿಕಿತ್ಸೆ ಮುಂದುವರಿಸುತ್ತೇವೆ ಎಂಬ ಸಾಲು ಇರುತ್ತದೆ. ಈ ಸಾಲಿನ ಬಗ್ಗೆ ನಿನಗೂ ನಿನ್ನ ಗಂಡನಿಗೂ ಸ್ಪಷ್ಟವಾದ ತಿಳಿವಳಿಕೆ ಇರಬೇಕೆಂಬುದು ನನ್ನ ಮುಖ್ಯ ಆಗ್ರಹ. ಉರಿಯೂತ ಹೆಚ್ಚಾಗಿ ಪಿತ್ತಕೋಶ ಸುತ್ತಲಿನ ಅಂಗಗಳಿಗೆ ಅಂಟಿಕೊಂಡಿದ್ದರೆ ಯಾವುದು ಕತ್ತರಿಸಬೇಕಾದ ನಾಳ, ಯಾವುದು ಮುಟ್ಟಲೇಬಾರದ ಮುಖ್ಯ ಪಿತ್ತನಾಳ ಎಂಬುದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣದೆ ಹೋಗಬಹುದು. ಹಾಗಾದಾಗ ಹಟಕ್ಕೆ ಬೀಳದೆ ಹೊಟ್ಟೆ ತೆರೆಯುವ ಸರ್ಜನ್ ನಿನ್ನ ಜೀವವನ್ನು ಕಾಯುತ್ತಿದ್ದಾರೆ. ಮುಖ್ಯ ನಾಳಕ್ಕೆ ಪೆಟ್ಟಾಗುವುದು ಅಪರೂಪ, ಸಾವಿರ ಜನರಲ್ಲಿ ಸುಮಾರು 3ರಿಂದ 5 ಜನರಿಗೆ. ಆದರೆ ಆದಾಗ ಅದನ್ನು ಸರಿಪಡಿಸುವುದು ದೊಡ್ಡ ಕೆಲಸ. ಹೊರಗೆ ಕುಳಿತ ಮನೆಯವರು ತೂತಿನ ಆಪರೇಶನ್ ಎಂದವರು ಕೊಯ್ದುಬಿಟ್ಟರು ಎಂದು ಜಗಳಕ್ಕೆ ನಿಂತದ್ದನ್ನು ನೋಡಿ ನಾನು ತುಂಬ ನೊಂದುಕೊಂಡಿದ್ದೇನೆ. ಯಾವ ಸಂದರ್ಭದಲ್ಲಿ ಹೊಟ್ಟೆ ತೆರೆಯುತ್ತೀರಿ, ಇಂಥ ಆಪರೇಶನ್ನುಗಳನ್ನು ಎಷ್ಟು ಮಾಡಿದ್ದೀರಿ ಎಂದು ಸರ್ಜನ್ ಅವರನ್ನು ಸಂಕೋಚಪಡದೆ ಕೇಳು. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಪೂರ್ತಿ ಅರಿವಳಿಕೆ ಕೊಡುವುದರಿಂದ ಒಳಗೆ ನಡೆಯುವುದು ನಿನಗೆ ಗೊತ್ತಾಗದು. ಹೊಕ್ಕುಳ ಬಳಿಯಿಂದ ಇಂಗಾಲದ ಡೈಆಕ್ಸೈಡ್ ತುಂಬಿ, ಕೆಲಸಕ್ಕೆ ಜಾಗವಾಗುವಂತೆ ಹೊಟ್ಟೆಯ ಗೋಡೆಯನ್ನು ಚಪ್ಪರದ ಹಾಗೆ ಮೇಲೆತ್ತುತ್ತಾರೆ. 5ರಿಂದ 10 ಮಿಲಿಮೀಟರಿನ ಕೊಳವೆಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ, ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಸಣ್ಣ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಹೊರಗೆ ತೆಗೆಯುತ್ತಾರೆ. ಕ್ಲಿಪ್‌ಗಳು ಒಳಗೇ ಇರುತ್ತವೆ, ಅದಕ್ಕೆ ಚಿಂತಿಸಬೇಡ.

ಎಚ್ಚರವಾದಾಗ ಗಂಟಲು ಕೆರೆಯುತ್ತದೆ, ಅದು ಉಸಿರಾಟದ ಕೊಳವೆಯಿಂದ. ವಾಕರಿಕೆ ಬಂದರೆ ಹೇಳು, ಇಂಜೆಕ್ಷನ್ ಕೊಡುತ್ತಾರೆ. ನಾನು ಮೊದಲೇ ಹೇಳಿದ ಭುಜದ ನೋವು ಸಾಮಾನ್ಯವಾಗಿ ಬಲಭಾಗದಲ್ಲಿ ಬರುತ್ತದೆ. ಒಳಗೆ ಉಳಿದ ಅನಿಲ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ, ವಪೆಯ ನರ ಕುತ್ತಿಗೆಯಿಂದ ಇಳಿದು ಬಂದದ್ದಾದ್ದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಅನಿಲವನ್ನು ದೇಹವೇ ಹೀರಿ ಉಸಿರಿನಲ್ಲಿ ಹೊರಹಾಕುತ್ತದೆ. ಆದರೆ ನೋವಿನ ಜೊತೆಗೆ ಏದುಸಿರು ಬಂದರೆ ಅಥವಾ ಎದೆ ಬಿಗಿದಂತಾದರೆ ಅದನ್ನು ಅನಿಲದ ಲೆಕ್ಕಕ್ಕೆ ಸೇರಿಸದೆ ಕೂಡಲೇ ಹೇಳಬೇಕು.

ಆಪರೇಶನ್ ಆದ ಸಂಜೆಯೇ ಎಬ್ಬಿಸಿ ನಡೆಸುತ್ತಾರೆ, ನೀನು ಇಲ್ಲವೆನ್ನಬೇಡ. ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ, ಕರುಳೂ ಬೇಗ ಚಲಿಸುತ್ತದೆ. ಮನೆಗೆ ಬಂದ ಮೇಲೆ ಗಾಳಿ ತಾಗಬಾರದೆಂದು ಕಿವಿಗೆ ಬಟ್ಟೆ ಕಟ್ಟಿ ಬಾಣಂತಿಯಂತೆ ಮಲಗಿಸಲು ಯಾರಾದರೂ ಬಂದರೆ ನನ್ನ ಹೆಸರು ಹೇಳು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೋ. ನೋವಿನ ಮಾತ್ರೆಯನ್ನು ನೋವು ತಡೆಯಲಾರದಷ್ಟು ಆಗುವವರೆಗೆ ಕಾಯದೆ ಹೇಳಿದ ಹೊತ್ತಿಗೆ ತೆಗೆದುಕೋ. ಮೊದಲ ಕೆಲವು ದಿನ ಇಡ್ಲಿ, ತಿಳಿಸಾರು ಅನ್ನ, ಮಜ್ಜಿಗೆ ಸಾಕು. ಎಣ್ಣೆ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ನೋಡು. ಕೆಲವರಿಗೆ ಕೆಲವು ವಾರ ಭೇದಿಯಾಗುತ್ತದೆ, ಬಹುತೇಕ ತಾನಾಗಿ ಸರಿಹೋಗುತ್ತದೆ. ಜೀವಮಾನವಿಡೀ ಪಥ್ಯ ಬೇಕಾಗಿಲ್ಲ. ಒಂದೆರಡು ವಾರದಲ್ಲಿ ನೀನು ಶಾಲೆಗೆ ಹೋಗಬಹುದು, ಆದರೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಗುವನ್ನು ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಭಾರ ಎತ್ತಿದರೆ ಹೊಕ್ಕುಳ ಗಾಯದಲ್ಲಿ ಒಳಗಿನದು ಉಬ್ಬಿ ಬಂದು ಹರ್ನಿಯಾ ಆಗಬಹುದು.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದದ್ದು ಮತ್ತೆ ಏರಿದರೆ, ಜ್ವರ ಚಳಿ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಂದಾಗಿ ಮಲ ಬಿಳಿಚಿದರೆ, ಹೊಟ್ಟೆ ಉಬ್ಬಿ ವಾಂತಿ ನಿಲ್ಲದಿದ್ದರೆ, ಗಾಯದಿಂದ ಕೀವು ಬಂದರೆ, ಮೀನಖಂಡ ಊದಿ ನೋಯತೊಡಗಿದರೆ, ಅದು ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗು. ಪಿತ್ತರಸ ಒಳಗೆ ಸೋರುತ್ತಿದ್ದರೆ ಅದು ಮೊದಲ ದಿನವೇ ಗೊತ್ತಾಗಬೇಕೆಂದಿಲ್ಲ. ನೀನು ಮನೆಗೆ ಬಂದ ಮೇಲೆ, ಮೊದಲ ವಾರದಲ್ಲಿ ತೋರಿಕೊಳ್ಳುವುದೇ ಹೆಚ್ಚು. ಯಾವ ನಂಬರಿಗೆ ಫೋನ್ ಮಾಡಬೇಕೆಂಬುದನ್ನು ಡಿಸ್‌ಚಾರ್ಜ್ ಆಗುವಾಗಲೇ ಬರೆಸಿಕೊಂಡು ಬಾ.

ತೆಗೆದ ಪಿತ್ತಕೋಶವನ್ನು ಸಾಮಾನ್ಯವಾಗಿ ಪರೀಕ್ಷೆಗೆಂದು ಲ್ಯಾಬಿಗೆ ಕಳುಹಿಸುತ್ತಾರೆ. ವರದಿ ಬರುವ ಹೊತ್ತಿಗೆ ನೀನು ಮನೆಯಲ್ಲಿರುತ್ತೀ, ಹೀಗಾಗಿ ಅನೇಕರು ಅದನ್ನು ಕೇಳುವುದೇ ಇಲ್ಲ. ಗಾಯ ತೋರಿಸಲು ಹೋದಾಗ ಅದನ್ನು ಕೇಳಿ ತೆಗೆದುಕೊಂಡು, ವೈದ್ಯರಿಂದ ಓದಿಸಿ, ಒಂದು ಪ್ರತಿಯನ್ನು ನನಗೂ ಕಳುಹಿಸು.

ಇಂತಿ ನಿನ್ನ ಸೋದರತ್ತೆ