ಕರಿಯನನ್ನು ಎಲ್ಲಿ ಬಿಡಲಿ?

ಮಾನ್ಯ ಸಂಪಾದಕರೇ,

ಕಳೆದ ಶ್ರಾವಣದಲ್ಲಿ ನನ್ನ ಪತ್ನಿ ತೀರಿಕೊಂಡಳು. ಶಿವಗಣಾರಾಧನೆ ಮುಗಿದ ಮರುದಿನ, ಬೆಂಗಳೂರಿನಲ್ಲಿ ನೆಲೆಸಿರುವ ಮಗ ‘ಅಪ್ಪಾಜಿ, ಇನ್ನು ಒಬ್ಬರೇ ಇರುವುದು ಬೇಡ, ನಮ್ಮ ಜೊತೆ ಬಂದುಬಿಡಿ’ ಎಂದು ಕರೆದನು. ಅವನ ಕಳಕಳಿಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಅವನಿರುವ ಅಪಾರ್ಟ್‌ಮೆಂಟಿನ ಸಂಘವು ನಾಯಿ ಸಾಕುವುದನ್ನು ನಿಷೇಧಿಸಿರುವುದರಿಂದ, ನಮ್ಮ ಕರಿಯನನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂಬ ಮಾತೂ ಅದರ ಬೆನ್ನಿಗೇ ಬಂತು. ಜಾತಿನಾಯಿಯೂ ಅಲ್ಲದ, ಒಂಬತ್ತು ವರ್ಷ ತುಂಬಿದ ನಾಯಿಯನ್ನು ಯಾರೂ ಕೊಳ್ಳುವುದಿಲ್ಲ. ‘ಕೊಡುವುದು’ ಎಂದರೆ ಊರಾಚೆ ಬಿಟ್ಟು ಬರುವುದು ಎಂಬುದು ಅಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು.

ಕರಿಯ ಆಕೆಯ ನಾಯಿ. ಹಂಚಿನಿಂದ ಇಳಿದ ಮೊದಲ ರೊಟ್ಟಿಯಲ್ಲಿ ಅದಕ್ಕೊಂದು ಪಾಲು ಇರುತ್ತಿತ್ತು. ಆಕೆ ಹೋದ ಮೇಲೆ ಎರಡು ದಿನ ಅದು ಏನನ್ನೂ ಮುಟ್ಟದೆ ಅಡುಗೆಮನೆಯ ಹೊಸ್ತಿಲಲ್ಲೇ ಮಲಗಿತ್ತು. ಮೂರನೆಯ ದಿನ ಖಾನಾವಳಿಯಿಂದ ತರಿಸಿದ ರೊಟ್ಟಿಯನ್ನು ನಾನು ಮುರಿದು ಹಾಕಿದಾಗ ತಿಂದಿತು, ನನಗೂ ಅಂದೇ ಊಟ ಸೇರಿತು. ಈಗ ಬೆಳಗಿನ ಐದೂವರೆಗೆ ನನ್ನನ್ನು ಎಬ್ಬಿಸುವುದೂ ಕರಿಯನೇ. ಕುಂದವಾಡ ಕೆರೆಯ ಏರಿಯ ಮೇಲೆ ಸಿಗುವವರಲ್ಲಿ ಅನೇಕರಿಗೆ ನನ್ನ ಪರಿಚಯವಿಲ್ಲ, ಈ ನಾಯಿಯನ್ನು ಹಿಡಿದು ಬರುತ್ತಿದ್ದ ಆಕೆಯ ಪರಿಚಯವಿದೆ. ನನಗೆ ನೋವಾದೀತೆಂದು ಬಂಧುಗಳು ಆಕೆಯ ಹೆಸರನ್ನೇ ಎತ್ತುವುದಿಲ್ಲ. ಕೆರೆಯ ಬಳಿ ಮಾತ್ರ ಕರಿಯನ ನೆಪದಲ್ಲಿ ದಿನವೂ ಆಕೆಯ ಮಾತು ಬರುತ್ತದೆ.

ನಾಯಿಗಾಗಿ ಇಷ್ಟೇಕೆ ಎಂದು ನಗುವವರಿದ್ದಾರೆ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ, ಗಂಗ ದೊರೆ ಬೂತುಗನ ಸೇವಕ ಮಣಲೆರನು ಮೆಚ್ಚುಗೆಯ ಕೊಡುಗೆಯಾಗಿ ಬೇಡಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಮಡಿದಾಗ ಅದರ ನೆನಪಿಗೆ ಕಲ್ಲು ನಿಂತಿತೆಂದು ಸುಮಾರು ಕ್ರಿ.ಶ. 949ರ ಆತಕೂರು ಶಾಸನ ಹೇಳುತ್ತದೆ. ನಗುವವರು ಅದನ್ನೊಮ್ಮೆ ಓದಬೇಕು.

ಮುಖ್ಯ ವಿಷಯವೆಂದರೆ, ಬಹುಮತದಿಂದ ನಿರ್ಣಯ ಮಾಡಿದರೂ ನಿವಾಸಿಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ತಿಳಿಸಿದೆ. ಹಗ್ಗ ಹಿಡಿದು ನಡೆಸುವುದು, ವರ್ಷವರ್ಷವೂ ರೇಬಿಸ್ ಲಸಿಕೆ ಹಾಕಿಸುವುದು, ಹೊಲಸನ್ನು ತೆಗೆಯುವುದು ಸಾಕಿದವರ ಹೊಣೆ. ಅದರಲ್ಲಿ ವಿನಾಯಿತಿ ಕೇಳುವವನು ನಾನಲ್ಲ. ಇನ್ನು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಬಾರಿಯ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ನಮ್ಮೂರಿನಲ್ಲಿ ಒಂದು ಬೆಣ್ಣೆದೋಸೆ ತಿಂದು ಚಹಾ ಕುಡಿಯಲೂ ಸಾಲದ ಈ ಹಣಕ್ಕೆ ಯಾರು ತಾನೇ ಹೆದರುತ್ತಾರೆ? ದಂಡವನ್ನು ಹೆಚ್ಚಿಸಲು ನಮ್ಮ ಸಂಸದರು ಲೋಕಸಭೆಯಲ್ಲಿ ಒತ್ತಾಯಿಸಬೇಕು.

ಮಾರ್ಗಸೂಚಿಯ ಪ್ರತಿಯನ್ನು ಮಗ ಈಗ ಸಂಘಕ್ಕೆ ಕೊಟ್ಟಿದ್ದಾನೆ. ಉತ್ತರ ಬರುವವರೆಗೆ ನಾನೂ ಕರಿಯನೂ ಇಲ್ಲೇ ಇರುತ್ತೇವೆ.

— ನಿವೃತ್ತ ಉಪನ್ಯಾಸಕ, ವಿದ್ಯಾನಗರ, ದಾವಣಗೆರೆ