ರೋಸಿಗೆ ನಿಲ್ಲುವುದಿಲ್ಲ ಎಂದವನಿಗೆ

ಪ್ರೀತಿಯ ಪುತಾ,

ತಂಗಿಯ ಮದುವೆಗೆ ಬರುತ್ತೇನೆ, ಆದರೆ ಮುನ್ನಾ ದಿನ ತೆಂಗಿನ ಹಾಲು ಹೊಯ್ಯುವ ರೋಸ್ ಶಾಸ್ತ್ರಕ್ಕೆ ನಿಲ್ಲುವುದಿಲ್ಲ, ಅದು ಪೇಗನ್, ಎಂದರೆ ಕ್ರೈಸ್ತರದಲ್ಲದ ಪದ್ಧತಿ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಬೈಯಲು ಬರೆಯುತ್ತಿಲ್ಲ ಮಾರಾಯ. ಬೆಂಗಳೂರಿನಲ್ಲಿ ಪ್ರಾರ್ಥನಾ ಕೂಟಕ್ಕೆ ಹೋಗುತ್ತೀ, ದಿನಾ ಬೈಬಲ್ ಓದುತ್ತೀ, ನನಗೆ ಸಂತೋಷವೇ.

ರೋಸ್ ನಮ್ಮ ಹಿರಿಯರು ಕ್ರೈಸ್ತರಾಗುವ ಮೊದಲಿನ ರೂಢಿ ಎಂಬುದು ನಿಜ. ನೆರೆಮನೆಯ ಮದುವೆಯ ಅರಸಿನ ಎಣ್ಣೆಗೂ ಅದಕ್ಕೂ ನೆಂಟಸ್ತಿಕೆ ಇದೆ. ಆದರೆ ಅಲ್ಲಿ ನಡೆಯುವುದೇನು? ಪ್ರಾರ್ಥನೆ ಆಗುತ್ತದೆ. ಅಮ್ಮ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಮಗಳ ಹಣೆಗೆ ಶಿಲುಬೆ ಎಳೆಯುತ್ತಾಳೆ, ಆಮೇಲೆ ತಲೆ ಮೇಲೆ ತೆಂಗಿನ ಹಾಲು ಹೊಯ್ಯುತ್ತಾಳೆ. ಹೆಂಗಸರು ವೊವಿಯೊ ಎಂಬ ಮದುವೆ ಹಾಡು ಹೇಳುತ್ತಾರೆ, ಹಾಲು ಬೆನ್ನಿಗಿಳಿದು ಹುಡುಗಿ ಗಡಗಡ ನಡುಗುತ್ತಾಳೆ, ಎಲ್ಲರೂ ನಗುತ್ತಾರೆ. ಇದರಲ್ಲಿ ಯಾವ ದೇವರಿಗೆ ಪೂಜೆಯಾಯಿತು, ಹೇಳು?

ನಿನ್ನ ಹಾಗೇ ಹಿಂದೊಮ್ಮೆ ಗೋವಾದ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಕಾಲದ ಧರ್ಮವಿಚಾರಣಾ ನ್ಯಾಯಾಲಯ ಕೂಡ ಯೋಚಿಸಿತ್ತು. 1736ರಲ್ಲಿ ಅದು ಹೊರಡಿಸಿದ ಆಜ್ಞೆಯಲ್ಲಿ ಮನೆಯಲ್ಲಿ ತುಳಸಿ ನೆಡಬಾರದು, ಮದುವೆಗೆ ವೀಳ್ಯದೆಲೆ ಅಡಿಕೆ ಕಳಿಸಬಾರದು, ವಧೂವರರಿಗೆ ಅರಸಿನ, ತೆಂಗಿನೆಣ್ಣೆ ಹಚ್ಚಬಾರದು, ಗಂಡಸರು ಧೋತರ ಉಡಬಾರದು ಎಂದೆಲ್ಲ ಇತ್ತು. ನಮ್ಮ ಕೊಂಕಣಿ ಕ್ರೈಸ್ತ ಹಿರಿಯರು ಇದಕ್ಕೇ ಗೋವಾ ಬಿಟ್ಟು ಈ ಕಡೆ ಬಂದರು ಎನ್ನಲಾರೆ; ಬರಗಾಲವಿತ್ತು, ಮರಾಠರ ದಾಳಿಯಿತ್ತು. ಬರುವಾಗ ಇವನ್ನೂ ಕಟ್ಟಿಕೊಂಡು ಬಂದರು ಎಂಬುದಂತೂ ಸತ್ಯ.

ರೋಮಿನ ಗ್ರೆಗರಿ ಪೋಪರು ಇದನ್ನು ಬೇರೆ ರೀತಿ ಕಂಡರು. ಕ್ರಿ.ಶ. 601ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ರಾಜನಿಗೆ ಅವರು ಬರೆದದ್ದು ಹಳೆಯ ದೇವರ ಗುಡಿಗಳನ್ನು ಕೆಡವು ಎಂದೇ. ತಿಂಗಳೊಳಗೆ ಮನಸ್ಸು ಬದಲಾಯಿತು. ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಇನ್ನೊಂದು ಪತ್ರ ಹೋಯಿತು: ವಿಗ್ರಹ ತೆಗೆಯಿರಿ, ಗುಡಿ ಇರಲಿ, ತೀರ್ಥ ಚಿಮುಕಿಸಿ ಪೀಠ ಕಟ್ಟಿ, ಅಲ್ಲಿ ಎತ್ತು ಕಡಿದು ಉಣ್ಣುವ ಜನ ಇನ್ನು ದೇವರಿಗೆ ಕೃತಜ್ಞತೆ ಹೇಳಿ ಉಣ್ಣಲಿ. ನಮ್ಮ ಮೊಂತಿ ಫೆಸ್ತ್ ನೋಡು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಇಗರ್ಜಿಯಲ್ಲಿ ಹೊಸ ತೆನೆ ಆಶೀರ್ವದಿಸಿ ಕೊಡುತ್ತಾರೆ, ಅದರ ಕಾಳನ್ನು ಪಾಯಸಕ್ಕೆ ಹಾಕಿ ಎಲ್ಲರೂ ಸೇರಿ ಉಣ್ಣುತ್ತೇವೆ. ತುಳುವರ ಕುರಲ್ ಪರ್ಬವೂ ಹೊಸ ತೆನೆಯದೇ. ಮಣ್ಣು ಒಂದೇ, ಮಳೆ ಒಂದೇ, ಭತ್ತ ಹಣ್ಣಾಗುವ ಕಾಲವೂ ಒಂದೇ.

ಕ್ರಿಸ್‌ಮಸ್ ಪೇಗನ್ ಹಬ್ಬವೋ ಅಲ್ಲವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. 1659ರಲ್ಲಿ ಅಮೆರಿಕದ ಮಸಾಚುಸೆಟ್ಸಿನ ಪ್ಯೂರಿಟನ್ನರೆಂಬ ಕಟ್ಟಾ ಪ್ರೊಟೆಸ್ಟಂಟರು ಆ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದ್ದರು, 1681ರಲ್ಲಿ ಕಾನೂನು ರದ್ದಾಯಿತು. ನೀನು ಬೆರಳಿಗೆ ಹಾಕಿಕೊಂಡಿರುವ ಉಂಗುರ ಕೂಡ ಕ್ರೈಸ್ತರಿಗಿಂತ ಮೊದಲೇ ರೋಮನ್ನರಲ್ಲಿ ನಿಶ್ಚಿತಾರ್ಥಕ್ಕಿತ್ತು. ಅದನ್ನು ಬಿಚ್ಚುತ್ತೀಯಾ?

ಹಾಗೆಂದು ಎಲ್ಲವೂ ನಡೆಯುತ್ತದೆ ಎಂದಲ್ಲ. ಭಾನುವಾರ ಪರಮಪ್ರಸಾದ ತೆಗೆದುಕೊಂಡು, ಮಗುವಿಗೆ ಜ್ವರ ಬಂದಾಗ ಗುಟ್ಟಾಗಿ ತುಳುನಾಡಿನ ದೈವಕ್ಕೆ ಹರಕೆ ಹೊರುವವರು ನಮ್ಮಲ್ಲೂ ಇದ್ದಾರೆ. ಎರಡು ಪಂಕ್ತಿಯಲ್ಲಿ ಕೂರಬೇಡಿ ಎಂದು ಪೌಲರು ಕೊರಿಂಥದವರಿಗೆ ಹೇಳಿದ್ದು ಅಂಥವರಿಗೆ. ಆದರೆ ದೈವವನ್ನು ನಂಬುವ ನೆರೆಯವರನ್ನು ಸೈತಾನನ ಮಕ್ಕಳೆನ್ನುವ ಹಕ್ಕು ನಿನಗಿಲ್ಲ. ಆ ಮಾತು ನಿನ್ನ ಬಾಯಲ್ಲಿ ಇನ್ನು ಕೇಳಬಾರದು.

ಹಳೆಯದನ್ನು ಬಿಡಲೇಬೇಕೆಂಬ ಹಟವಿದ್ದರೆ ಬೇರೊಂದಿದೆ. ಬಾಮಣ್, ಚಾರೋಡಿ ಎಂಬ ಜಾತಿಯನ್ನೂ ಗೋವಾದಿಂದ ಹೊತ್ತು ತಂದೆವಲ್ಲ, ಇವತ್ತಿಗೂ ಸಂಬಂಧ ಕೇಳಿಬಂದರೆ ಮೊದಲು ಅದನ್ನೇ ವಿಚಾರಿಸುತ್ತೇವೆ. ನಿನ್ನ ತಂಗಿಗೆ ಹುಡುಗ ನೋಡುವಾಗಲೂ ವಿಚಾರಿಸಿದರು. ಆಗ ನೀನು ಅಲ್ಲೇ ಕೂತಿದ್ದೆ, ಪೇಗನ್ ಎಂದು ಎದ್ದು ಹೋಗಲಿಲ್ಲ. ಕ್ರಿಸ್ತನಲ್ಲಿ ಯೆಹೂದ್ಯನೆಂದಿಲ್ಲ, ಗ್ರೀಕನೆಂದಿಲ್ಲ ಎಂಬ ವಾಕ್ಯ ನಿಮ್ಮ ಕೂಟದಲ್ಲಿ ಓದುತ್ತಾರೋ ಇಲ್ಲವೋ?

ರೋಸ್ ಹೊಯ್ಯಲು ಮನಸ್ಸಾಗದಿದ್ದರೆ ಬೇಡ. ತಂಗಿಯ ಹಣೆಗೆ ಶಿಲುಬೆ ಎಳೆದು ಪಕ್ಕಕ್ಕೆ ನಿಲ್ಲು. ಬಂದವರೆದುರು ಭಾಷಣ ಮಾತ್ರ ಬೇಡ. ತೆಂಗಿನಕಾಯಿ ತುರಿಯಲು ಜನ ಸಾಲದು, ಹಿಂದಿನ ರಾತ್ರಿಯ ಬಸ್ಸಿಗೇ ಟಿಕೆಟ್ ಮಾಡಿಸು. ಅಮ್ಮನಿಗೆ ಇವತ್ತೇ ಫೋನ್ ಮಾಡು.

ನಿನ್ನ ಬಾಪ್ಪು