ಗುಹೆಗಿಂತ ಮೊದಲು ಎದುರಿನ ಗುಡ್ಡ

ಪ್ರೀತಿಯ ಮಗಳೇ,

ಗೆಳತಿಯರ ಜೊತೆ ಬಾದಾಮಿ ನೋಡಲು ಬರುತ್ತೀವಿ ಅಂದೆ. ಗುಹೆ ನೋಡಿ ಸಂಜೆ ಬಸ್ಸಿಗೆ ವಾಪಸ್ ಅಂತಲೂ ಅಂದೆ. ಅದು ಬೇಡವ್ವಾ. 578ರಿಂದ ಅಲ್ಲೇ ಇರುವ ಮೂರನೇ ಗುಹೆ ಮಧ್ಯಾಹ್ನದವರೆಗೆ ಎಲ್ಲೂ ಹೋಗಲ್ಲ. ಬೆಳಿಗ್ಗೆ ಮೊದಲು ಕೆರೆಯ ಆಚೆಯ ಉತ್ತರದ ಗುಡ್ಡ ಹತ್ತಿ. ಬಿಸಿಲೇರಿದರೆ ಆ ಬಂಡೆ ಕಾದ ಹಂಚು.

ದಾರಿ ಸಣ್ಣದೇ, ಆದರೆ ಏರು ಜಾಸ್ತಿ. ಮ್ಯೂಸಿಯಂ ಪಕ್ಕದಿಂದ ಮೆಟ್ಟಿಲು ಶುರು. ಕೆಲವು ಮೆಟ್ಟಿಲು ಎತ್ತರ ಇವೆ, ನಿಮ್ಮ ಹರಟೆಯನ್ನು ಅಲ್ಲಿ ಸ್ವಲ್ಪ ನಿಲ್ಲಿಸಿ! ಮುಂದೆ ಗುಡ್ಡ ಎರಡು ಹೋಳಾಗಿ ನಡುವೆ ಒಂದು ಸಂದಿ ಬರುತ್ತದೆ. ಎರಡೂ ಕಡೆ ಕೆಂಪು ಗೋಡೆ, ತಲೆಯ ಮೇಲೆ ಒಂದು ಪಟ್ಟಿ ಆಕಾಶ. ಅಲ್ಲಿ ಓಡಬೇಡಿ. ಗೋಡೆ ಹತ್ತಿರ ಹೋಗಿ ನೋಡು, ಕಲ್ಲು ಪದರ ಪದರವಾಗಿ ಕೂತಿದೆ. ಕೈ ಆಡಿಸಿದರೆ ಸಣ್ಣ ಉಸುಕು ಬೆರಳಿಗೆ ಹತ್ತುತ್ತದೆ. ಮರಳುಗಲ್ಲು ಅಲ್ವಾ. ಅದರೊಳಗಿನ ಕಬ್ಬಿಣದ ಅಂಶಕ್ಕೇ ಈ ಕೆಂಪು. ಒಣಗಿದ್ದಾಗ ಕಾಲು ಚೆನ್ನಾಗಿ ಹಿಡಿಯುತ್ತದೆ. ಮಳೆ ಬಿದ್ದಿದ್ದರೆ ಮಾತ್ರ ನಂಬಬೇಡ.

ಚಾಲುಕ್ಯರ ಒಂದನೇ ಪುಲಿಕೇಶಿ ರಾಜಧಾನಿಗೆ ಈ ಜಾಗವನ್ನೇ ಯಾಕೆ ಹಿಡಿದ ಅಂತ ಆ ಸಂದಿಯಲ್ಲಿ ಗೊತ್ತಾಗುತ್ತದೆ. ಬಾದಾಮಿಗೆ ಆಗ ವಾತಾಪಿ ಅಂತ ಹೆಸರು. ಈ ವಾತಾಪಿ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲದಂಥ ಕೋಟೆ ಮಾಡಿದೆ ಅಂತ 543ರಲ್ಲಿ ಬಂಡೆಯ ಮೇಲೆ ಶಾಸನ ಬರೆಸಿದ್ದಾನೆ. ಎಷ್ಟೇ ದೊಡ್ಡ ದಂಡು ಬಂದರೂ ಇಲ್ಲಿ ಸಾಲಾಗಿಯೇ ನುಗ್ಗಬೇಕು. ಮೇಲೆ ನಿಂತವರು ಕಲ್ಲು ಉರುಳಿಸಿದರೆ ಮುಗೀತು. ಆದರೂ ನೂರು ವರ್ಷ ಕಳೆಯುವಷ್ಟರಲ್ಲಿ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಂದು ಊರನ್ನೇ ಗೆದ್ದುಕೊಂಡ. ಇಮ್ಮಡಿ ಪುಲಿಕೇಶಿಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ, ಗುಡ್ಡ ಹತ್ತಿಸಿ ತೋರಿಸುವುದಿಲ್ಲ. ನನಗೆ ಅದೇ ಸಿಟ್ಟು.

ತುದಿಯಲ್ಲಿ ಮೇಲಿನ ಶಿವಾಲಯ ಇದೆ. ಫೋಟೋ ತೆಗೆಯುವವರು ಕೆರೆ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಗುಡಿಗೆ ಬೆನ್ನು. ನೀನು ಗುಡಿಯನ್ನೂ ಒಂದು ಸುತ್ತು ಹಾಕು. ಕೃಷ್ಣ ಗೋವರ್ಧನ ಎತ್ತಿದ್ದಾನೆ, ನರಸಿಂಹ ಹಿರಣ್ಯಕಶಿಪುವನ್ನು ಸೀಳುತ್ತಿದ್ದಾನೆ. ಗಾಳಿ ಮಳೆಗೆ ಸವೆದಿವೆ, ಆದರೆ ಗುರುತು ಸಿಗುತ್ತವೆ. ಹತ್ತಿರದಲ್ಲೇ ಕಲ್ಲಿನ ಗುಂಡನೆಯ ಹಗೇವುಗಳೂ ಇವೆ. ಕೋಟೆ ಅಂದಮೇಲೆ ಕಾಳುಕಡಿ ಬೇಕಲ್ಲ.

ಆಮೇಲೆ ಅಂಚಿನ ಕಡೆ ಬನ್ನಿ. ತೀರಾ ಅಂಚಿಗಲ್ಲ, ಸೆಲ್ಫಿ ಹುಚ್ಚು ಅಲ್ಲಿ ಬೇಡ. ಕೆಳಗೆ ಅಗಸ್ತ್ಯ ತೀರ್ಥ ಅನ್ನೋ ಆ ಕೆರೆ, ಎದುರಿಗೆ ಗುಹೆಗಳಿರುವ ಗುಡ್ಡ, ಮೂಡಣ ದಂಡೆಯಲ್ಲಿ ಭೂತನಾಥನ ಗುಡಿ, ಈಚೆಗೆ ಊರಿನ ಮಾಳಿಗೆಗಳು. ಗುಹೆಯೊಳಗೆ ನಿಂತರೆ ಗುಹೆ ಮಾತ್ರ ಕಾಣುತ್ತದೆ. ಎರಡು ಗುಡ್ಡ, ನಡುವೆ ನೀರು, ಅದಕ್ಕೇ ಊರು ಅನ್ನೋದು ಇಲ್ಲಿಂದಲೇ ತಿಳಿಯಬೇಕು.

ಮಂಗಗಳ ಕಾಟ ಇದೆ. ಕೈಯಲ್ಲಿ ಚೀಲ, ಬಿಸ್ಕಿಟ್ ಹಿಡಿದು ನಡೆಯಬೇಡಿ. ಎಲ್ಲಾ ಬ್ಯಾಗಿನೊಳಗೆ ಇರಲಿ, ಜಿಪ್ ಹಾಕಿ. ನೀರು ಕೆಳಗಿನಿಂದಲೇ ಒಯ್ಯಿರಿ. ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತದೆ, ಶನಿವಾರ ಬಂದರೆ ಇಳಿಯುವಾಗ ಅಲ್ಲಿನ ಲಜ್ಜಾಗೌರಿ ದೇವಿಯ ಶಿಲ್ಪವನ್ನೂ ನೋಡಬಹುದು. ಸಂಜೆ ಬಿಸಿಲು ಭೂತನಾಥನ ಮೇಲೆ ಬೀಳುತ್ತದೆ, ಆ ಹೊತ್ತಿಗೆ ಅಲ್ಲಿರಿ. ಬಸ್ಸಿನ ಚಿಂತೆ ಬಿಡು, ರಾತ್ರಿ ಬಾಗಲಕೋಟೆಗೆ ಮನೆಗೇ ಬನ್ನಿ.

ಎಷ್ಟು ಜನ ಅಂತ ನಿಮ್ಮ ಅವ್ವನಿಗೆ ಮೊದಲೇ ಹೇಳು. ರೊಟ್ಟಿ ಬಡಿಯುವವಳು ಅವಳು, ಕೊನೆ ಗಳಿಗೆಯಲ್ಲಿ ಹೇಳಿದರೆ ಬೈಯಿಸಿಕೊಳ್ಳುವವನು ನಾನು.

ನಿನ್ನ ಅಪ್ಪ